ಮುಟ್ಟುವ ಮೊದಲು

ಇದನ್ನು ಹೇಳುವುದನ್ನು ಒಂಬತ್ತು ವರ್ಷ ಮುಂದೂಡಿದ್ದೇನೆ. ಊರಿನವರು ಓದುತ್ತಾರೆಂಬ ನಾಚಿಕೆಯಿತ್ತು.

ಹೆಂಡತಿ ತೀರಿದ ಮೇಲೆ ಬೆಟಗೇರಿ ಬಿಟ್ಟು ಮಹಾರಾಷ್ಟ್ರದ ಇಚಲಕರಂಜಿಗೆ, ಮಗನ ಮನೆಗೆ ಬಂದೆ. ಬಂದ ದಿನವೇ ಚೀಲ ಇಳಿಸಿ, ಹನ್ನೆರಡು ದಿನದ ಮೊಮ್ಮಗಳತ್ತ ಕೈ ಚಾಚಿದೆ. ಮರಾಠಿ ಸೊಸೆ ತೊಟ್ಟಿಲಿಗೆ ಅಡ್ಡ ನಿಂತಳು.

“ಆಧೀ ಹಾತ್ ಧುವಾ, ಬಾಬಾ.”

ಆಧೀ ಎಂದರೆ ಮೊದಲು. ಮೊದಲು ಕೈ ತೊಳೆಯಿರಿ ಅಂದಳು. ನಾನು ಮುಖ ಸಿಂಡರಿಸಿದ್ದಕ್ಕೆ ಮಗ ನಕ್ಕ: “ಹೋಗಪ್ಪಾ, ಸಾಬಾಣ ಏನ್ ಕಡ್ಯಾಂಗಿಲ್ಲ.”

ಬೆಟಗೇರಿಯಲ್ಲಿ ಕೈಮಗ್ಗದ ಸದ್ದಿನ ನಡುವೆಯೂ ಮಾತಾಡಬಹುದಿತ್ತು. ಇಲ್ಲಿನ ವಿದ್ಯುತ್ ಮಗ್ಗ ಮಾತನ್ನೇ ನುಂಗುತ್ತದೆ. ಮನೆಯಲ್ಲಿ ಇರುವುದು ಎರಡೇ ಕೋಣೆ. ನೆಗಡಿಯಾದ ನೆರೆಯವರು ಹೊಸ್ತಿಲಾಚೆಯಿಂದಲೇ ಕೂಸು ನೋಡಿ ಹೋಗುತ್ತಾರೆ, ಯಾರಿಗೂ ಸಿಟ್ಟಿಲ್ಲ. ನಮ್ಮಲ್ಲೂ ಕೈ ತೊಳೆಯುತ್ತಿದ್ದೆವು, ಆದರೆ ಮುಟ್ಟಿದ ಮೇಲೆ. ಹೆರಿಗೆಯ ಮೈಲಿಗೆಯೆಂದು, ಬಾಣಂತಿಯನ್ನೂ ಕೂಸನ್ನೂ ಮುಟ್ಟಿದವರು ಕೈಕಾಲು ತೊಳೆದೇ ಅಡುಗೆಮನೆಗೆ ಬರಬೇಕು. ಹೊಲಸು ಅವರಿಂದ ನಮಗೆ ಬರುತ್ತದೆಂದು ನಂಬಿದ್ದೆವು. ನಮ್ಮಿಂದ ಅವರಿಗೆ ಹೋಗಬಹುದೆಂದು ನನಗೆ ಹೊಳೆದಿರಲಿಲ್ಲ.

ಹೊಳೆದಿರಲಿಲ್ಲ ಎಂಬುದೂ ಸುಳ್ಳು. ಹೇಳಿದವಳು ಇದ್ದಳು.

ಒಂಬತ್ತು ವರ್ಷದ ಹಿಂದೆ, ನಾನಿನ್ನೂ ಊರಲ್ಲಿದ್ದಾಗ, ಹಿರಿಮಗಳು ಚೊಚ್ಚಲ ಹೆರಿಗೆಗೆ ಬೆಟಗೇರಿಗೆ ಬಂದಿದ್ದಳು. ಗಂಡು ಕೂಸು. ನನಗೆ ಎರಡು ವಾರದಿಂದ ಕೆಮ್ಮು.

“ಅಪ್ಪಾ, ಕೆಮ್ಮು ನಿಲ್ಲೂತನಕ ದೂರಿಂದ ನೋಡು. ನರ್ಸಬಾಯಿ ಹೇಳ್ಯಾರ.”

“ಬಾಳ ಶ್ಯಾಣ್ಯಾಕಿ ಆಗೀಯಲ್ಲ! ನಿಮ್ಮನ್ನೆಲ್ಲಾ ಹಿಂಗ ಮುದ್ದಾಡೇ ಬೆಳಿಸೀನಿ. ನನ್ನ ಉಸರು ವಿಷ ಏನ?”

ಅವಳ ಮಡಿಲಿಂದ ಕೂಸನ್ನು ಕಿತ್ತುಕೊಂಡು ಬಾಯಿಗೇ ಮುದ್ದಿಟ್ಟೆ. ಆಮೇಲೆ, ಪದ್ಧತಿಯಂತೆ, ಕೈ ತೊಳೆದು ಊಟಕ್ಕೆ ಕುಳಿತೆ.

ಮುಂದಿನ ವಾರ ಕೂಸು ಕೆಮ್ಮತೊಡಗಿತು. ಹಾಲು ಬಿಟ್ಟಿತು. ತುಟಿ ನೀಲಿಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ಮನ್ಯಾಗ ಯಾರಿಗರೆ ಕೆಮ್ಮು ಐತೇನ್ರಿ?” ನಾನು ಟವೆಲ್ ಬಾಯಿಗೊತ್ತಿಕೊಂಡು “ಇಲ್ರಿ” ಅಂದೆ. ಮಗಳು ನನ್ನನ್ನೇ ನೋಡಿದಳು.

ಮೂರನೆಯ ದಿನ ಕೂಸು ಹೋಯಿತು. ಲಕ್ಷ್ಮೇಶ್ವರದಿಂದ ಬಂದ ಬೀಗರ ಮುಂದೆ ನಾನೇ ಅಂದೆ: “ತಲಿಗೆ ಕುಂಚಗಿ ಕಟ್ಟಲಾರದ ಕೂಸಿನ್ನ ಗಾಳಿಗೆ ಹಿಡದ್ಲು. ಅದಕ್ಕ ಹಿಂಗಾತು.” ಎಲ್ಲರೂ ಅವಳತ್ತ ತಿರುಗಿದರು. ಆ ಮಾತು ಅವಳ ಹಿಂದೆಯೇ ಅತ್ತೆಮನೆಗೂ ಹೋಯಿತು. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

ಈಗ ಕೂಸು ನೋಡಲು ಬಂದವರನ್ನೆಲ್ಲ ಮೊದಲು ಕೈ ತೊಳೆಯಲು ನಾನೇ ಕಳಿಸುತ್ತೇನೆ. ಇಲ್ಲಿನ ಓಣಿಗೆ ನಾನು ‘ಕಾನಡಿ ಆಜೋಬಾ’, ಕನ್ನಡದ ಅಜ್ಜ, ಕೂಸಿನ ವಿಷಯದಲ್ಲಿ ಬಲು ಶಿಸ್ತಿನ ಮುದುಕ. ಬೆಟಗೇರಿಯಲ್ಲಿ ಇಂದಿಗೂ ಮೊಮ್ಮಗನನ್ನು ಕಳೆದುಕೊಂಡ ಪಾಪದ ಅಜ್ಜ. ಎರಡೂ ಊರು ಮರ್ಯಾದೆ ಕೊಡುತ್ತವೆ, ಎರಡರಲ್ಲೂ ನಾನು ಸುಳ್ಳು ಹೇಳಿಕೊಂಡೇ ಬದುಕಿದ್ದೇನೆ. ನಾನು ಯಾರೆಂದು ಬಲ್ಲವಳು ಆ ಮಗಳೊಬ್ಬಳೇ. ಅವಳ ತಪ್ಪೇನೂ ಇರಲಿಲ್ಲ. ಆಡಿಕೊಂಡ ಮಂದಿ ಇದನ್ನು ಓದಲಿ. ಎದುರು ನಿಂತು ಕ್ಷಮೆ ಕೇಳುವುದು ನನ್ನಿಂದ ಇನ್ನೂ ಆಗಿಲ್ಲ. ಅವಳ ಹೆಸರು ಮಂಜುಳಾ.