ಹತ್ತಕ್ಕೆ ಎಂಟು ಅಂಕ

ಅದು ಕೊರೊನಾ ಮುಗಿದ ಮರುವರ್ಷ. ಪದವಿಪೂರ್ವ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕನಾಗಿ ನಿವೃತ್ತನಾಗಿದ್ದ ನಾನು ಚಿಕ್ಕೋಡಿಯಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಕಟ್ಟಡವೊಂದರ ಮಹಡಿಯಲ್ಲಿ ಕೋಣೆ ಹಿಡಿದು ಕೋಚಿಂಗ್ ನಡೆಸುತ್ತಿದ್ದೆ. ಹೊರದೇಶದ ಆಸ್ಪತ್ರೆಗಳಿಗೆ ಹೋಗುವ ನರ್ಸ್‌ಗಳು ಬರೆಯಬೇಕಾದ ಅಡ್ವಾನ್ಸ್ಡ್ ಮಟ್ಟದ ಇಂಗ್ಲಿಷ್ ಪರೀಕ್ಷೆಯ ತಯಾರಿ ಅದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ನಮ್ಮ ಕಡೆಯ ಮಕ್ಕಳು ಉಳಿದ ಮೂರನ್ನು ಹೇಗೋ ದಾಟುತ್ತಾರೆ, ರೈಟಿಂಗ್‌ನಲ್ಲಿ ಮುಗ್ಗರಿಸುತ್ತಾರೆ. ಅದಕ್ಕೇ ವಾರಕ್ಕೆ ಎರಡು ಪತ್ರ ಬರೆಸುತ್ತಿದ್ದೆ. ತಪ್ಪು ಕಂಡರೆ ನನಗೆ ಮೈಯೆಲ್ಲ ಉರಿ. ಕಾಲೇಜಿನಲ್ಲಿದ್ದಾಗ ಹುಡುಗರ ಬೆನ್ನಿಗೆ ಡಸ್ಟರ್ ಎಸೆದವನು ನಾನು, ಸುಳ್ಳೇಕೆ ಹೇಳಲಿ.

ಶೋಭಾ ಆ ಬ್ಯಾಚಿನಲ್ಲಿದ್ದಳು. ದಿಗ್ಗೇವಾಡಿಯವಳು, ಇಪ್ಪತ್ತಾರು ವರ್ಷ, ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ತಂದೆ ಇರಲಿಲ್ಲ. ಹೊಲ, ಮನೆ ಎಲ್ಲ ಅಣ್ಣ ರಾವಸಾಹೇಬನ ಕೈಯಲ್ಲಿ. ಅಥಣಿ ಕಡೆಯ ದ್ರಾಕ್ಷಿ ತೋಟದವರ ಮನೆಗೆ ತಂಗಿಯನ್ನು ಕೊಡುತ್ತೇನೆಂದು ಅವನು ಮಾತು ಕೊಟ್ಟುಬಿಟ್ಟಿದ್ದ. ಅವಳಿಗೆ ಪರೀಕ್ಷೆ ಪಾಸಾಗಿ ಹೊರಗೆ ಹೋಗಬೇಕಿತ್ತು. ನನಗೆ ಇಷ್ಟು ಗೊತ್ತಿತ್ತು. ಹೆಚ್ಚು ಕೇಳುವ ಗೋಜಿಗೆ ಹೋಗಲಿಲ್ಲ.

ಒಂದು ಸೋಮವಾರ ವಿಷಯ ಕೊಟ್ಟೆ: ಹಲ್ಲೆಯೊಂದರ ಬಗ್ಗೆ ಪೊಲೀಸ್ ಅಧಿಕಾರಿಗೆ ದೂರು. ಉಳಿದವರು ಸರಗಳ್ಳತನ, ಬಸ್ಸಿನ ಸೀಟಿನ ಜಗಳ ಅಂತ ಬರೆದರು. ಶೋಭಾ ಬರೆದದ್ದು ಬೇರೆ. ಅಣ್ಣನೊಬ್ಬ ತಂಗಿಯನ್ನು ದನದ ಕೊಟ್ಟಿಗೆಯಲ್ಲಿ ಕೂಡಿಹಾಕಿ ಬಾರಕೋಲಿನಿಂದ ಹೊಡೆದಿದ್ದ. ನಾನು ಕೆಂಪು ಪೆನ್ನಿನಲ್ಲಿ ಷರಾ ಬರೆದೆ: 'ಕಲ್ಪನೆ ಚೆನ್ನಾಗಿದೆ. ವಿವರ ಸಾಲದು. ಎಷ್ಟು ಪೆಟ್ಟು, ಎಲ್ಲೆಲ್ಲಿ? ಕ್ರಮ ಕೈಗೊಳ್ಳಿ ಎಂದು ಇನ್ನೂ ಗಟ್ಟಿಯಾಗಿ ಕೇಳು.'

ಗುರುವಾರ ತಿದ್ದಿ ತಂದಳು. ಹನ್ನೊಂದು ಪೆಟ್ಟು. ಆರು ಬೆನ್ನಿಗೆ, ಮೂರು ತೊಡೆಗೆ, ಎರಡು ಎಡಗೈಗೆ. ಬಿದ್ದ ಮೇಲೆ ಹೊಟ್ಟೆಗೆ ಒದ್ದದ್ದು ಬೇರೆ. ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಸಾಲದ್ದಕ್ಕೆ ಅವಳನ್ನು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ. "ನೋಡ್ರಿ, ಬರದ್ರ ಹಿಂಗ ಬರೀಬೇಕು" ಅಂದೆ. ಆ ಸುಡುಬೇಸಿಗೆಯಲ್ಲೂ ತುಂಬುತೋಳಿನ ಚೂಡಿದಾರ ತೊಟ್ಟು ನಿಂತು ಅವಳು ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಹಾಳೆ ರಾವಸಾಹೇಬನ ಕೈಗೆ ಸಿಕ್ಕಿತು. ಹತ್ತನೆಯ ತನಕ ಓದಿದವನು. ಮೇಲೆ ಪೊಲೀಸ್ ಎಂಬ ಶಬ್ದ, ನಡುವೆ ಅಣ್ಣನ ಮಾತು, ಬದಿಯಲ್ಲಿ ನನ್ನ ಕೆಂಪು ಶಾಯಿ. ಇದು ಅಭ್ಯಾಸದ ಪತ್ರ ಎಂದು ಅವನಿಗೆ ಹೇಗೆ ತಿಳಿಯಬೇಕು? ಶನಿವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದಾಗ ಅವನ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು.

"ಎಲ್ಲದಾನಲೇ ಮಾಸ್ತರ? ನನ್ನ ತಂಗಿಗೆ ನನ್ನ ಮ್ಯಾಲೇ ಕಂಪ್ಲೇಂಟ್ ಬರಿಯಾಕ ಕಲಸ್ತೀಯೇನಲೇ ಮಗನ!"

ಮೊದಲ ಏಟಿಗೆ ನನ್ನ ಮೇಜಿನ ಮೂಲೆ ಹಾರಿತು. ಹುಡುಗಿಯರು ಚೀರುತ್ತ ಗೋಡೆಗೆ ಒತ್ತಿಕೊಂಡರು. ಅಡ್ಡ ಬಂದ ಶೋಭಾಳ ಜಡೆ ಹಿಡಿದೆಳೆದು ಅವಳ ಹಣೆಯನ್ನು ಬೋರ್ಡಿಗೆ ಅಪ್ಪಳಿಸಿದ. ರಕ್ತ ಮೂಗಿನ ಮೇಲಿಂದ ಇಳಿಯಿತು. ನನಗೆ ಸಿಟ್ಟು ನೆತ್ತಿಗೇರಿತು. ಸ್ಟೂಲ್ ಎತ್ತಿ ಅವನ ಹೆಗಲಿಗೆ ಹಾಕಿದೆ. ಅವನು ತಿರುಗಿ ಬೀಸಿದ, ನನ್ನ ಬಲ ಮುಂಗೈ ಬಿರಿಯಿತು. ಎರಡನೇ ಸಲ ಸ್ಟೂಲ್ ಅವನ ಮಣಿಕಟ್ಟಿಗೆ ಬಿದ್ದು ಕೊಯ್ತಾ ಜಾರಿತು. ಅದನ್ನು ಎತ್ತಿಕೊಂಡವಳು ಶೋಭಾ.

"ದಾದಾ, ಇನ್ನೊಂದ್ ಹೆಜ್ಜಿ ಇಟ್ಟೆಂದ್ರ ಕಡದ ಬಿಡ್ತೇನಿ."

ತಂಗಿ ದನಿ ಎತ್ತಿದ್ದನ್ನೇ ಅವನು ಕೇಳಿರಲಿಲ್ಲವೆಂದು ಕಾಣುತ್ತದೆ, ನಿಂತೇಬಿಟ್ಟ. ಅಷ್ಟರಲ್ಲಿ ಕೆಳಗಿನ ಚಹಾದಂಗಡಿಯವರು ಓಡಿಬಂದು ಅವನನ್ನು ಕೆಡವಿ ಕೈ ಕಟ್ಟಿದರು. ಕಟ್ಟಿಸಿಕೊಂಡು ಬಿದ್ದವನಿಗೆ ನಾನು ಎರಡು ಸಲ ಒದ್ದೆ. ಅದಕ್ಕೆ ಈಗಲೂ ನಾಚಿಕೆಯಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಬರುವವರೆಗೆ ಶೋಭಾಳೇ ನನ್ನ ಗಾಯ ಒತ್ತಿ ಹಿಡಿದಿದ್ದಳು. ಅವಳ ಹಣೆಗೂ ಪಟ್ಟಿ. ಎಳೆದಾಟದಲ್ಲಿ ಎಡತೋಳು ಹರಿದಿತ್ತು. ಅಲ್ಲಿ ಎರಡು ಬಾಸುಂಡೆ, ಆಗಲೇ ಹಳದಿಗೆ ತಿರುಗಿದ್ದವು.

"ಯವ್ವಾ, ಆ ಪತ್ರದಾಗ ಬರದದ್ದು ಖರೇನ? ನನಗ್ಯಾಕ ಹೇಳಲಿಲ್ಲ ನೀ?"

ಅವಳು ಹತ್ತಿ ಒತ್ತುತ್ತಲೇ ಹೇಳಿದಳು: "ಹೇಳಿದ್ನಲ್ರಿ ಸರ್, ಎರಡ ಸಲ. ನೀವು ಎಂಟು ಮಾರ್ಕ್ಸ್ ಕೊಟ್ರಿ."

ನನಗೆ ಹಾಕಿದ ಹೊಲಿಗೆ ಒಂಬತ್ತು. ಯಾವುದೂ ಆ ಮಾತಿನಷ್ಟು ಚುಚ್ಚಲಿಲ್ಲ.

ಸಂಜೆ ಅವಳ ಸೋದರಮಾವ ರಾಜಿಗೆ ಬಂದ. "ಒಡಹುಟ್ಟಿದಾಂವ ಅದಾನ, ಬಿಟ್ಟ ಬಿಡವಾ" ಅಂದ. ಅವಳು, "ಹೊಡಿಸ್ಕೊಂಡಾಕಿ ನಾನ್ರಿ ಮಾಮಾ" ಅಂದವಳೇ ಪೊಲೀಸರ ಮುಂದೆ ಕೂತು ಕನ್ನಡದಲ್ಲಿ ದೂರು ಬರೆದುಕೊಟ್ಟಳು. ನಾನು ಅದರಲ್ಲಿ ಒಂದು ಅಕ್ಷರ ಮುಟ್ಟಲಿಲ್ಲ. ತಾನು ಕೆಲಸ ಮಾಡುವ ಆಸ್ಪತ್ರೆಯ ಹಾಸ್ಟೆಲ್ಲಿಗೆ ಬಂದು ಉಳಿದಳು, ಮೂರು ವಾರದ ನಂತರ ಬೆಳಗಾವಿಗೆ ಹೋಗಿ ಪರೀಕ್ಷೆ ಬರೆದಳು. ಪಾಸಾದಳು, ಹೋದಳು. ಕೇಸು ಇನ್ನೂ ನಡೆದಿದೆ.

ಮೂವತ್ತು ವರ್ಷ ನಾನು ಮಕ್ಕಳು ಹೇಗೆ ಬರೆದರು ಎಂದಷ್ಟೇ ನೋಡಿದೆ, ಏನು ಬರೆದರು ಎಂದು ನೋಡಲಿಲ್ಲ. ಈಗ ಪೆನ್ನು ಜೇಬಿನಲ್ಲಿಟ್ಟು ಒಂದು ಸಲ ಓದುತ್ತೇನೆ. ಸಂಶಯ ಬಂದರೆ ಪಕ್ಕಕ್ಕೆ ಕರೆದು, "ಇದು ಖರೇನವಾ?" ಎಂದು ಕೇಳುತ್ತೇನೆ. ಬಹಳಷ್ಟು ಮಂದಿ ನಗುತ್ತಾರೆ, "ಇಲ್ರಿ ಸರ್, ಸುಳ್ಳ ಬರದೇನ್ರಿ" ಅನ್ನುತ್ತಾರೆ. ಹೋದ ತಿಂಗಳು ಒಬ್ಬಳು ನಗಲಿಲ್ಲ. ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.