ಹಂದಿ ಬ್ಯಾಡ, ಕುರಿ ಆದ್ರ ನಡೀತೈತಿ

ಪ್ರಾಣಿಯೊಳಗೆ ಮನುಷ್ಯರ ಅಂಗ ಬೆಳೆಸುತ್ತಾರೆ ಎಂಬ ಸುದ್ದಿ ಪೇಪರಿನಲ್ಲಿ ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಸಿಟ್ಟು ವಿಜ್ಞಾನಿಗಳ ಮೇಲಲ್ಲ, ಅವರ ಪಾಡಿಗೆ ಅವರು ಕೆಲಸ ಮಾಡುತ್ತಿದ್ದಾರೆ. ಸಿಟ್ಟು ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರ ಮೇಲೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ನಮ್ಮಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ಡಯಾಲಿಸಿಸ್‌ಗೆಂದು ನಾನು ಅವಳನ್ನು ಹರಪನಹಳ್ಳಿ ಮೇಲೆ ಹಾಯುವ ಬಸ್ಸಿನಲ್ಲಿ ದಾವಣಗೆರೆಗೆ ಕರೆದೊಯ್ಯುತ್ತಿದ್ದೆ. ಬರುವಾಗ ಕಿಟಕಿಯ ಸರಳಿಗೆ ಹಣೆಯಿಟ್ಟು ಕಣ್ಣು ಮುಚ್ಚಿರುತ್ತಿದ್ದಳು. ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ನನ್ನದು ಹೊಂದಲಿಲ್ಲ. ಅಣ್ಣನದು ಹೊಂದಿತು.

ಅಣ್ಣ ಕೊಡುವುದಿಲ್ಲ ಎನ್ನಲಿಲ್ಲ. ಹಾಗಂದಿದ್ದರೆ ಅವನಿಗೊಂದು ಮರ್ಯಾದೆಯಾದರೂ ಉಳಿಯುತ್ತಿತ್ತು. ಶೇಂಗಾ ಸುಗ್ಗಿ ಮುಗಿಯಲಿ ಎಂದ, ಅಂಗಡಿ ನೋಡಿಕೊಳ್ಳಲು ಯಾರಾದರೂ ಸಿಗಲಿ ಎಂದ. ಅಷ್ಟರಲ್ಲಿ ದೊಡ್ಡಪ್ಪ ಪೇಪರ್ ಹಿಡಿದುಕೊಂಡು ಬಂದ. ಮನುಷ್ಯರ ಕಾಂಡಕೋಶಗಳನ್ನು ಇನ್ನೂ ಹುಟ್ಟದ ಮರಿಯೊಳಗೆ ಬಿಟ್ಟು, ಮುಂದೊಂದು ದಿನ ರೋಗಿಗಳಿಗೆ ಜೋಡಿಸಬಹುದಾದ ಅಂಗಾಂಶ ಬೆಳೆಸಲು ಪರದೇಶದಲ್ಲಿ ನೋಡುತ್ತಿದ್ದಾರೆ, ಹಂದಿಯಲ್ಲೂ ಕುರಿಯಲ್ಲೂ, ಎಂದು ಅದರಲ್ಲಿ ಬರೆದಿತ್ತು.

“ಹಂದಿ ಬ್ಯಾಡ,” ಅಂದ ದೊಡ್ಡಪ್ಪ. “ಕೊರಳಾಗ ಲಿಂಗ ಐತಿ. ಹಂದಿ ಕಿಡ್ನಿ ಇಟ್ಕಂಡು ಪೂಜಿ ಹೆಂಗ ಮಾಡ್ತಾಳ?”

ಶುರುವಾಯಿತು ನೋಡಿ. ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ಗಂಡಸರು ದಿನಾ ಬೆಳಿಗ್ಗೆ ಇದೇ ಪಂಚಾಯ್ತಿಗೆ ಕೂತರು. ಮಠದ ಅಯ್ಯನವರನ್ನೂ ಕರೆಸಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಮಂದಿ. ಕುರಿ ಸೊಪ್ಪುಸದೆ ತಿನ್ನುವ ಪ್ರಾಣಿ, ಅದಾದರೆ ನಡೆಯುತ್ತದೆ ಎಂದು ಕೊನೆಗೆ ತೀರ್ಮಾನವಾಯಿತು. ಕಿಡ್ನಿ ಬಂದೇಬಿಟ್ಟಿತೇನೋ ಎಂಬಂತೆ ಎಲ್ಲರೂ ನಿರಾಳರಾದರು. ಅಣ್ಣ ಇನ್ನೊಂದು ಕಪ್ ಚಹಾ ಕೇಳಿದ.

ನಾನು ದಾವಣಗೆರೆಯ ಡಾಕ್ಟರನ್ನು ವಿಚಾರಿಸಿಕೊಂಡು ಬಂದೆ. “ಅದಿನ್ನೂ ಪ್ರಯೋಗದಾಗ ಐತಂತ. ಯಾವಾಗ ಬರ್ತೈತೋ ಅವರಿಗೂ ಗೊತ್ತಿಲ್ಲಂತ. ಅಕ್ಕಗ ಅಷ್ಟು ಟೈಮಿಲ್ಲ,” ಅಂದೆ.

“ಬರ್ತೈತಿ ಅಂದ್ರಲ್ಲ, ಸಾಕು,” ಅಂದ ಅಣ್ಣ. “ಸುಮ್ನ ಒಬ್ಬರ ಹೊಟ್ಟಿ ಯಾಕ ಕೊಯ್ಯಬೇಕು?”

ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. “ಯಣ್ಣಾ, ಕೊಡಾಕ ಆಗಂಗಿಲ್ಲ ಅಂತ ನನ್ ಮುಖ ನೋಡಿ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ,” ಅಂದಳು. ಆ ಹೇಡಿ ಪೇಪರ್ ಮಡಿಚಿ ಜೇಬಿಗಿಟ್ಟುಕೊಂಡು ಅಂಗಡಿಗೆ ನಡೆದ.

ಸುಗ್ಗಿ ಬಂತು, ಹೋಯಿತು. ಅಕ್ಕನೂ ಹೋದಳು. ಮಣ್ಣು ಮಾಡುವಾಗ ಅಣ್ಣ ಎದೆ ಬಡಿದುಕೊಂಡು ಅತ್ತ. ಇಂಥ ಅಣ್ಣ ಎಲ್ಲಿ ಸಿಗ್ತಾನ ಎಂದು ನೆರೆದವರು ಲೊಚಗುಟ್ಟಿದರು.

ಅಕ್ಕನ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಊಟಕ್ಕೆ ಪಂಕ್ತಿ ಕೂತಿತ್ತು. ನಾನು ತುಪ್ಪ ಬಡಿಸುತ್ತಿದ್ದೆ. ದೊಡ್ಡಪ್ಪ ಹೋಳಿಗೆ ಮುರಿಯುತ್ತಾ, “ಪಾಪ, ಇನ್ನೊಂದೀಟು ದಿನ ತಡದಿದ್ರ ಆಕಿಗೆ ಕಿಡ್ನಿ ಬರ್ತಿತ್ತು,” ಅಂದ.

ನಾನು ಅಣ್ಣನ ಎಲೆಯ ಮುಂದೆ ನಿಂತೆ.

“ಬಂದಿತ್ತು ದೊಡ್ಡಪ್ಪ,” ಅಂದೆ. “ಇಲ್ಲೇ ಉಣ್ಣಾಕ ಕುಂತೈತಿ.”