ನಾನು ತಡೆಹಿಡಿದ ಶಿಫಾರಸು ಪತ್ರ

2018ರಲ್ಲಿ ನಾನು ದಕ್ಷಿಣ ಕೋಲ್ಕತ್ತಾದ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರೊಫೆಸರ್ ಆಗಿದ್ದೆ. ನದಿಗಳು ತರುವ ಹೂಳು ನನ್ನ ವಿಷಯ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಆ ವರ್ಷದ ಎಂ.ಎಸ್ಸಿ. ತರಗತಿಯಲ್ಲಿ ಅನಘಾ ಎಂಬ ಹುಡುಗಿಯಿದ್ದಳು. ಅವಳ ತಂದೆ ಸದಾನಂದ ಐತಾಳರು ಉಡುಪಿ ಕಡೆಯವರು, ಬಿಬಿಡಿ ಬಾಗ್‌ನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ನಾನೂ ಅದೇ ಸೀಮೆಯವನು, ಮನೆಯಲ್ಲಿ ಒಬ್ಬನೇ. ಹಾಗಾಗಿ ಪ್ರತಿ ಭಾನುವಾರ ಗರಿಯಾಹಾಟ್ ಹತ್ತಿರದ ಅವರ ಮನೆಯಲ್ಲೇ ನನ್ನ ಊಟ. ಸಾಸಿವೆ ಎಣ್ಣೆಯ ಊರಿನಲ್ಲಿ ತೆಂಗಿನೆಣ್ಣೆಯ ಒಗ್ಗರಣೆ ಸಿಗುವ ಮನೆಯೆಂದರೆ ಸಣ್ಣ ಮಾತಲ್ಲ.

ಅನಘಾ ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದಳು. ಅದಕ್ಕೆ ಮೂವರು ಅಧ್ಯಾಪಕರ ಶಿಫಾರಸು ಪತ್ರ ಬೇಕು. ಅಲ್ಲಿಯವರು ನೇರವಾಗಿ ನಮಗೇ ಒಂದು ಲಿಂಕ್ ಕಳಿಸುತ್ತಾರೆ, ಪತ್ರವನ್ನು ನಾವೇ ಅದರಲ್ಲಿ ಹಾಕಬೇಕು. ವಿದ್ಯಾರ್ಥಿಗೆ ಪತ್ರ ಕಾಣುವುದಿಲ್ಲ, ಬಂತೋ ಇಲ್ಲವೋ ಎಂಬುದಷ್ಟೇ ಕಾಣುತ್ತದೆ. ಒಂದು ಬಾರದಿದ್ದರೂ ಅರ್ಜಿ ಅಲ್ಲಿಗೇ ಮುಗಿಯಿತು. ನಾನು ಒಂದು ಶನಿವಾರ ಕೂತು ಮನಸ್ಸಿಟ್ಟು ಪತ್ರ ಬರೆದೆ. ಸೋಮವಾರ ಕಳಿಸುವುದೆಂದುಕೊಂಡು ಕಚೇರಿಯ ಕಂಪ್ಯೂಟರಿನಲ್ಲಿ ಇಟ್ಟೆ.

ಮರುದಿನ ಊಟವಾದ ಮೇಲೆ ಐತಾಳರು ತಗ್ಗಿದ ದನಿಯಲ್ಲಿ ಕೇಳಿದರು: "ಆ ಲೆಟರ್ ಹೋಗಿ ಆಯ್ತಾ?"

ಇಲ್ಲ ಎಂದೆ.

"ಹಾಗಾದ್ರೆ ಇರ್ಲಿ ಮಾರಾಯ್ರೆ. ಊರಲ್ಲಿ ಒಂದು ಒಳ್ಳೆ ಸಂಬಂಧ ಉಂಟು. ನಾನು ಬೇಡ ಅಂದ್ರೆ ಮನೆಯಲ್ಲಿ ಯುದ್ಧ. ತನ್ನಷ್ಟಕ್ಕೇ ತಪ್ಪಿಹೋದ್ರೆ ಯಾರಿಗೂ ಬೇಸರ ಇಲ್ಲ."

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಪ್ಪನಿಗೆ ಹೇಳದೆ ರೈಲು ಹತ್ತಿ ಕೋಲ್ಕತ್ತಾಗೆ ಬಂದವರು ಈ ಐತಾಳರು. ಅದನ್ನು ಅವರಿಗೆ ನೆನಪಿಸಬಹುದಿತ್ತು. ನಾನು ಮಜ್ಜಿಗೆ ಕುಡಿದು ತಲೆಯಾಡಿಸಿದೆ. ಅದೇ ವಾರ ಇಬ್ಬರು ಹುಡುಗರ ಪತ್ರಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಕೊನೆಯ ಗಡುವು ಮುಂದಿನ ವಾರದ ಶುಕ್ರವಾರ ಸಂಜೆ ಐದೂವರೆ. ಅಂದು ಬೆಳಿಗ್ಗೆ ಅನಘಾ ಬಾಗಿಲಲ್ಲಿ ಇಣುಕಿದಳು. "ಸರ್, ನಿಮ್ದೊಂದೇ ಪೆಂಡಿಂಗ್ ತೋರಿಸ್ತಿದೆ."

"ಸರ್ವರ್ ತೊಂದರೆ ಕೊಡ್ತಾ ಉಂಟು. ಸಂಜೆಯೊಳಗೆ ಹೋಗ್ತದೆ," ಎಂದೆ. ಅವಳು ನಂಬಿದಳು. ಐದೂವರೆ ದಾಟುವವರೆಗೆ ನಾನು ಆ ಕಂಪ್ಯೂಟರಿನ ಮುಂದೆಯೇ ಕೈಕಟ್ಟಿ ಕೂತಿದ್ದೆ.

ಸೋಮವಾರ ಅವಳು ನಗುತ್ತಲೇ ಬಂದಳು. ನಮ್ಮ ಸರ್‌ಗೆ ವಯಸ್ಸಾಗಿದೆ, ಲಿಂಕ್ ತೊಂದರೆ ಕೊಟ್ಟಿದೆ ಎಂದು ತಾನೇ ಅಲ್ಲಿಗೆ ಬರೆದು ಮಂಗಳವಾರದವರೆಗೆ ಸಮಯ ಕೇಳಿ ಪಡೆದಿದ್ದಳು. "ನೀವು ಆರಾಮಾಗಿ ಕೂತ್ಕೊಳ್ಳಿ ಸರ್, ಮೈ ಕರ್ ದೇತೀ ಹೂಂ, ನಾನೇ ಕಳಿಸ್ಕೊಡ್ತೀನಿ," ಎಂದು ನನ್ನ ಕುರ್ಚಿಯಲ್ಲಿ ಕೂತಳು. ತಡೆಯಲು ನನಗೆ ಒಂದು ನೆಪವೂ ಹೊಳೆಯಲಿಲ್ಲ. ಪರದೆಯ ಮೇಲೆ ಅವಳದೇ ಹೆಸರಿನ ಫೈಲು ಇತ್ತು. ಪಕ್ಕದಲ್ಲಿದ್ದ ತಾರೀಖು ಹದಿನಾರು ದಿನ ಹಿಂದಿನದು.

ಅವಳು ತಿರುಗಿ ನೋಡದೆ ಕೇಳಿದಳು: "ಅಪ್ಪ ಹೇಳಿದ್ರಾ?"

ಹೂಂ ಎಂದೆ.

"ಅಪ್ಪನ ಹತ್ರ ನಾನು ಡೈಲಿ ಫೈಟ್ ಮಾಡ್ತೀನಿ ಸರ್. ಅವರು ಅಪ್ಪ. ನಿಮ್ಮ ಹತ್ರಾನೂ ಮಾಡ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ."

ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಈಗ ಕಳ್ಸಿ," ಎಂದಳು. ಪತ್ರ ಹೋಗುವವರೆಗೂ ನನ್ನ ಬೆನ್ನ ಹಿಂದೆ ನಿಂತಿದ್ದಳು. ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಕಲು ಹಿಡಿದವನು ನಾನು. ಅಂದು ಹಾಗೆ ಸಿಕ್ಕಿಬಿದ್ದವನೂ ನಾನೇ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಆ ಸೀಟು ಅವಳಿಗೆ ಸಿಗಲಿಲ್ಲ. ತಡವಾದ ಪತ್ರವೇ ಕಾರಣವೇ ಎಂದು ತಿಳಿಯುವ ದಾರಿಯಿಲ್ಲ. ಮರುವರ್ಷ ಅವಳು ಮತ್ತೆ ಅರ್ಜಿ ಹಾಕಿದ್ದು ಗೊತ್ತಾಗಿ ದಿನಾ ಇಮೇಲ್ ತೆರೆದು ನೋಡುತ್ತಿದ್ದೆ. ನನಗೆ ಲಿಂಕ್ ಬರಲಿಲ್ಲ. ಅವಳು ಬೇರೆಯವರ ಪತ್ರಗಳ ಮೇಲೆ ಹೋದಳು.

ಪತ್ರ ಬರೆಯಲಾರೆ ಎನ್ನುವ ಹಕ್ಕು ಅಧ್ಯಾಪಕನಿಗೆ ಇದೆ. ಆದರೆ ಅದನ್ನು ವಿದ್ಯಾರ್ಥಿಯ ಮುಖಕ್ಕೇ ಹೇಳಬೇಕು. ಒಪ್ಪಿಕೊಂಡ ಮೇಲೆ ಅವಳ ತಂದೆಯ ಮನೆಯ ಅನ್ನವೂ ಅಡ್ಡ ಬರಬಾರದು. ಇಷ್ಟನ್ನು ನಾನು ನಿವೃತ್ತಿಯ ಅಂಚಿನಲ್ಲಿ ಕಲಿತೆ.

ಅವಳು ಹೊರಟ ವಾರ ಐತಾಳರು ಸಂದೇಶ್ ಸಿಹಿಯ ಡಬ್ಬಿ ಹಿಡಿದು ನನ್ನ ಮನೆಗೆ ಬಂದರು. ಮಗಳ ಬಗ್ಗೆ ಹೆಮ್ಮೆಯಿಂದ ಮಾತಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಹೋದ ವರ್ಷದ್ದು ಅವಳಿಗೆ ಗೊತ್ತಿಲ್ಲ, ಪುಣ್ಯ. ಗೊತ್ತಾಗಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ," ಎಂದರು.

ಅವಳು ಇಂದಿಗೂ ದಿನಾ ಅವರಿಗೆ ಫೋನ್ ಮಾಡುತ್ತಾಳೆ. ನನಗೆ ಒಮ್ಮೆಯೂ ಮಾಡಿಲ್ಲ.